ನಾವು ಯಾಕೆ ಕೊಳ್ಳುತ್ತೇವೆ? ಬ್ರ್ಯಾಂಡ್, ಜಾಹೀರಾತು, ಮಾನವಶಾಸ್ತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾನವಶಾಸ್ತ್ರಕ್ಕೂ ಅಂಗಡಿ, ಜಾಹೀರಾತುಗಳಿಗೂ ಏನು ಸಂಬಂಧ? ಅದು ಬುಡಕಟ್ಟು ಜನರ ಅಧ್ಯಯನ ಅಲ್ವಾ?

ಬಹಳ ವರ್ಷ ಹೆಚ್ಚುಕಡಿಮೆ ಹಾಗೇ ಇತ್ತು, ನಿಜ. ಆದರೆ ಇವತ್ತಿನ ಶಾಪಿಂಗನ್ನು ಅರ್ಥ ಮಾಡಿಕೊಳ್ಳಲು ದಾರಿ ತೆರೆದದ್ದು ಆ ಹಳೆಯ ಅಧ್ಯಯನಗಳೇ. ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆ ಉಳಿದರು. ಕಂಡದ್ದನ್ನು 1922ರಲ್ಲಿ ಪುಸ್ತಕವಾಗಿ ತಂದರು. ಅಲ್ಲಿ ಕುಲಾ ಅನ್ನುವ ಒಂದು ವಿನಿಮಯ ನಡೆಯುತ್ತಿತ್ತು. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಿದ್ದವು, ಬಿಳಿ ಚಿಪ್ಪಿನ ತೋಳಬಳೆಗಳು ಅದರ ಎದುರು ದಿಕ್ಕಿನಲ್ಲಿ. ಇವುಗಳಿಗಾಗಿ ಜನ ದೋಣಿ ಹತ್ತಿ ಅಪಾಯದ ಸಮುದ್ರ ದಾಟುತ್ತಿದ್ದರು. ಹಾಗೆ ತಂದದ್ದನ್ನು ದಿನಾ ತೊಡುತ್ತಿದ್ದರು ಅಂತಲ್ಲ. ಯಾರೂ ಅವನ್ನು ಕೊನೆತನಕ ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಕೆಲವು ಹಾರಗಳಿಗೆ ಹೆಸರಿತ್ತು, ಚರಿತ್ರೆಯಿತ್ತು, ಯಾರ ಕೈ ದಾಟಿ ಬಂದವು ಅನ್ನುವ ಕೀರ್ತಿಯಿತ್ತು. ಉಪಯೋಗದ ಲೆಕ್ಕ ಹಿಡಿದರೆ ಇದೆಲ್ಲ ಸುಮ್ನೆ ದಣಿವು ಅನ್ನಿಸುತ್ತದೆ. ದೂರದ ದ್ವೀಪದಲ್ಲಿ ನಂಬಿಕೆಯ ಗೆಳೆಯ ಸಿಗುತ್ತಾನೆ, ಹೆಸರು ಬರುತ್ತದೆ, ಜೊತೆಜೊತೆಗೆ ಬೇರೆ ವ್ಯಾಪಾರವೂ ನಡೆಯುತ್ತದೆ ಅಂತ ನೋಡಿದರೆ ಆಗ ಎಲ್ಲ ತಿಳಿಯಾಗುತ್ತದೆ.

ಈಗ ಕೆಲವೇ ಜೋಡಿ ಬಿಡುಗಡೆಯಾಗುವ ಶೂಗಾಗಿ ರಾತ್ರಿಯಿಡೀ ಸಾಲಿನಲ್ಲಿ ನಿಂತು, ಕೊಂಡ ಮೇಲೆ ಡಬ್ಬಿಯಿಂದ ಹೊರಗೇ ತೆಗೆಯದ ಸಂಗ್ರಹಕಾರರನ್ನು ನೋಡಿ. ಅಲ್ಲೂ ಅದೇ ಪ್ರಶ್ನೆ: ಈ ವಸ್ತು ಇವರಿಗೆ ಯಾರ ಜೊತೆ ಯಾವ ಸಂಬಂಧ ಕಟ್ಟಿಕೊಡುತ್ತಿದೆ? ಮಾನವಶಾಸ್ತ್ರ ಕೇಳುವುದು ಇದನ್ನೇ. ನನಗೆ ಈ ವಿಷಯ ಇಷ್ಟು ಮುಖ್ಯ ಅನ್ನಿಸುವುದೂ ಇದಕ್ಕೇ. ಕೊಳ್ಳುವವರನ್ನು ಬೈಯುವ ಮೊದಲು ಅವರನ್ನು ಅರ್ಥ ಮಾಡಿಕೊಳ್ಳುವ ಪ್ರಯತ್ನ ಇಲ್ಲಿದೆ.

ಕಂಪನಿಗಳು ಮಾಡಿಸುವ ಮಾರುಕಟ್ಟೆ ಸಮೀಕ್ಷೆಗಿಂತ ಇದು ಹೇಗೆ ಬೇರೆ?

ಸಮೀಕ್ಷೆಯಲ್ಲಿ ಜನ ಏನು ಹೇಳುತ್ತಾರೆ ಅಂತ ಗೊತ್ತಾಗುತ್ತದೆ. ಜೊತೆಗೆ ಓಡಾಡಿದರೆ ಅವರು ಏನು ಮಾಡುತ್ತಾರೆ ಅಂತ ಗೊತ್ತಾಗುತ್ತದೆ. ಎರಡೂ ಒಂದೇ ಆಗಿರುವುದು ಕಡಿಮೆ, ಮತ್ತು ಅದು ಸುಳ್ಳು ಹೇಳುತ್ತಾರೆ ಅಂತಲೂ ಅಲ್ಲ. ತಾನು ಯಾಕೆ ಕೊಂಡೆ ಅನ್ನುವುದು ಎಷ್ಟೋ ಸಲ ಕೊಂಡವರಿಗೇ ಪೂರ್ತಿ ತಿಳಿದಿರುವುದಿಲ್ಲ.

ಒಂದು ಒಳ್ಳೆಯ ಉದಾಹರಣೆ ಮಾನವಶಾಸ್ತ್ರಜ್ಞ ಡೇನಿಯಲ್ ಮಿಲ್ಲರ್ ಅವರ ಕೆಲಸ. 1990ರ ದಶಕದಲ್ಲಿ ಅವರು ಉತ್ತರ ಲಂಡನ್ನಿನ ಒಂದು ಬೀದಿಯ ಮನೆಗಳವರ ಜೊತೆ ಶಾಪಿಂಗ್‌ಗೆ ಹೋಗಿ ನೋಡಿದರು. ಶಾಪಿಂಗ್ ಅಂದರೆ ಏನು ಅಂತ ಕೇಳಿದರೆ ಜನ ಸುಖದ, ದುಂದಿನ ಚಿತ್ರ ಕೊಡುತ್ತಿದ್ದರು. ಅಂಗಡಿಯೊಳಗೆ ಕಂಡದ್ದು ಬೇರೆಯೇ. ಗಂಡನಿಗೆ ಯಾವುದು ಇಷ್ಟ, ಮಗು ಏನನ್ನು ತಿನ್ನದೆ ಬಿಡುತ್ತದೆ, ತನಗೆ ಇಷ್ಟವಾದದ್ದಕ್ಕಿಂತ ಮನೆಯವರಿಗೆ ಒಳ್ಳೆಯದಾಗುವುದು ಯಾವುದು, ಎಲ್ಲಿ ಸ್ವಲ್ಪ ದುಡ್ಡು ಉಳಿಯುತ್ತದೆ. ಮಿಲ್ಲರ್ ಇದನ್ನು ಪ್ರೀತಿಯ ಕೆಲಸ ಅಂತ ಕರೆದರು. ತನಗಾಗಿ ಒಂದು ಸಣ್ಣ ವಸ್ತು ಕೊಂಡರೆ ಅದು ವಿಶೇಷ ಅನ್ನಿಸುತ್ತಿದ್ದದ್ದೂ ಉಳಿದದ್ದೆಲ್ಲ ಬೇರೆಯವರಿಗಾಗಿ ಆದ್ದರಿಂದಲೇ. ಕೊಳ್ಳುವವರು ಸ್ವಾರ್ಥಿಗಳು ಅನ್ನುವ ಸುಲಭದ ತೀರ್ಪು ಇಲ್ಲಿ ನಿಲ್ಲುವುದಿಲ್ಲ.

ನಿಜವಾಗಿ ಬೇಕಾದದ್ದು, ಸುಮ್ನೆ ಆಸೆಪಟ್ಟದ್ದು ಅಂತ ಎರಡು ಭಾಗ ಮಾಡಬಹುದಲ್ವಾ?

ಹೊಟ್ಟೆಗಿಲ್ಲದವರ ಹಸಿವನ್ನು ಯಾರೂ ಆಸೆ ಅನ್ನುವುದಿಲ್ಲ. ಅಷ್ಟರ ಮಟ್ಟಿಗೆ ಗೆರೆ ಇದೆ. ಅದರಾಚೆಗೆ ಗೆರೆ ಬೇಗ ಅಳಿಸಿಹೋಗುತ್ತದೆ. ಮೈ ಮುಚ್ಚಲು ಒಂದು ಬಟ್ಟೆ ಸಾಕು. ಆದರೆ ಮದುವೆಗೆ, ಕೆಲಸದ ಸಂದರ್ಶನಕ್ಕೆ, ಸಾವಿನ ಮನೆಗೆ ಒಂದೇ ಬಟ್ಟೆಯಲ್ಲಿ ಹೋಗಿ ಬಂದರೆ ಏನಾಗುತ್ತದೆ ಅಂತ ಯೋಚಿಸಿ. ಚಳಿ ಆಗುವುದಿಲ್ಲ, ಅವಮಾನ ಆಗಬಹುದು.

1979ರಲ್ಲಿ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್, ಅರ್ಥಶಾಸ್ತ್ರಜ್ಞ ಬ್ಯಾರನ್ ಐಷರ್‌ವುಡ್ ಜೊತೆ ಸೇರಿ ಇದನ್ನೇ ವಾದಿಸಿದರು. ವಸ್ತುಗಳು ನಾಲ್ಕು ಜನರ ನಡುವೆ ಬದುಕಲು ಬೇಕಾದ ಗುರುತುಗಳು. ಇವತ್ತು ಹಬ್ಬವೋ ಮಾಮೂಲಿ ದಿನವೋ, ಬಂದವರು ಬೇಕಾದವರೋ ಬರೀ ಪರಿಚಯದವರೋ ಅನ್ನುವುದನ್ನೆಲ್ಲ ನಾವು ವಸ್ತುಗಳ ಮೂಲಕವೇ ಹೇಳುತ್ತೇವೆ. ಅವರ ಪ್ರಕಾರ ಬಡತನ ಅಂದರೆ ವಸ್ತುಗಳ ಕೊರತೆ ಮಾತ್ರವಲ್ಲ. ಈ ಕೊಡುಕೊಳ್ಳುವಿಕೆಯಲ್ಲಿ ಪಾಲ್ಗೊಳ್ಳಲು ಆಗದೆ ಹೊರಗುಳಿಯುವುದೂ ಬಡತನವೇ. ಬಡವರು ಟಿವಿ, ಫೋನು ಯಾಕೆ ಕೊಳ್ಳುತ್ತಾರೆ ಅಂತ ಆಕ್ಷೇಪ ಮಾಡುವವರು ಈ ಮಾತನ್ನು ಒಮ್ಮೆ ಓದಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಬಹುತೇಕ ಜನ ಕೊಳ್ಳುವುದು ಬೇರೆಯವರಿಗೆ ತೋರಿಸಿಕೊಳ್ಳಲು ತಾನೇ?

ಸ್ವಲ್ಪ ಭಾಗ ಹೌದು. ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲೇ ಅಮೆರಿಕದ ಹೊಸ ಶ್ರೀಮಂತರನ್ನು ನೋಡಿ ಹೀಗೆ ಬರೆದರು: ಹಣ ಇದ್ದರೆ ಸಾಲದು, ಅದು ನಾಲ್ಕು ಜನಕ್ಕೆ ಕಾಣಬೇಕು, ಅದಕ್ಕೇ ದುಬಾರಿ ಖರ್ಚು, ಕೆಲಸ ಮಾಡಲು ಆಗದಂಥ ಉಡುಪು, ಬೇಕೆಂದೇ ಮಾಡುವ ಪೋಲು. ಬೆಲೆ ಏರಿದಷ್ಟೂ ಬೇಡಿಕೆ ಏರುವ ವಸ್ತುಗಳಿಗೆ ಅರ್ಥಶಾಸ್ತ್ರದಲ್ಲಿ ಇವತ್ತಿಗೂ ವೆಬ್ಲೆನ್ ಹೆಸರೇ ಇದೆ.

ಆದರೆ ತೋರಿಕೆ ಅಷ್ಟು ನೇರವಾಗಿ ನಡೆಯುವುದಿಲ್ಲ. ದೊಡ್ಡ ಲೋಗೋ ಹಾಕಿಕೊಂಡವರನ್ನು ನೋಡಿ ಹಳೆಯ ಶ್ರೀಮಂತರು ಮುಖ ಕಿವುಚುತ್ತಾರೆ. ಅವರ ಬಟ್ಟೆಯ ಮೇಲೆ ಗುರುತೇ ಇರುವುದಿಲ್ಲ, ಹೊಲಿಗೆ ನೋಡಿದರೆ ತಿಳಿದವರಿಗೆ ತಿಳಿಯುತ್ತದೆ. ಇದನ್ನು ಆಳವಾಗಿ ಬಿಡಿಸಿ ಹೇಳಿದವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೇರ್ ಬೋರ್ಡ್ಯೂ. 1960ರ ದಶಕದಲ್ಲಿ ಅವರು ಫ್ರೆಂಚ್ ಜನರ ಸಂಗೀತ, ಊಟ, ಪೀಠೋಪಕರಣ, ಫೋಟೋಗಳ ಬಗೆಗಿನ ಅಭಿರುಚಿಯನ್ನು ಸಮೀಕ್ಷೆ ಮಾಡಿದರು. 1979ರಲ್ಲಿ ಬಂದ ಪುಸ್ತಕದಲ್ಲಿ ಅವರು ಹೇಳಿದ್ದು ಇಷ್ಟು: ನಮ್ಮ ಅಭಿರುಚಿ ಹುಟ್ಟಿನಿಂದ ಬಂದದ್ದು ಅಂತ ನಾವು ನಂಬಿರುತ್ತೇವೆ, ಆದರೆ ಬೆಳೆದ ಮನೆ, ಓದಿದ ಶಾಲೆ ಅದನ್ನು ಒಳಗಿಳಿಸಿರುತ್ತವೆ. ಬೇರೆಯವರ ಆಯ್ಕೆ ಅಗ್ಗದ್ದು ಅನ್ನಿಸಿದಾಗ ನಾವು ನಮಗೇ ಗೊತ್ತಿಲ್ಲದೆ ವರ್ಗದ ಗೋಡೆ ಕಟ್ಟುತ್ತಿರುತ್ತೇವೆ.

ಹಾಗಂತ ಎಲ್ಲವನ್ನೂ ತೋರಿಕೆಗೆ ಇಳಿಸುವುದು ತಪ್ಪು. ಯಾರಿಗೂ ಕಾಣದ ಒಳಕೋಣೆಯ ಹೊದಿಕೆಯನ್ನೂ ಜನ ಆಸೆಪಟ್ಟು ಆರಿಸುತ್ತಾರೆ.

ಬ್ರ್ಯಾಂಡ್ ಅನ್ನುವುದು ಹೊಸ ಕಾಲದ್ದಲ್ವಾ?

ಈಗಿನ ಕಾನೂನಿನ ರೂಪ ಹೊಸದು. ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿ 1876ರ ಜನವರಿ 1ರಂದು ಶುರುವಾಯಿತು. ನೋಂದಣಿಯಲ್ಲಿ ಮೊದಲ ಸಂಖ್ಯೆ ಬಾಸ್ ಬಿಯರ್‌ನ ಕೆಂಪು ತ್ರಿಕೋನದ್ದು. ಚಿತ್ರಕಾರ ಎದುವಾರ್ ಮಾನೆ 1882ರಲ್ಲಿ ಬರೆದ ಪ್ಯಾರಿಸ್ಸಿನ ಒಂದು ಬಾರಿನ ಚಿತ್ರದಲ್ಲಿ ಕಟ್ಟೆಯ ಮೇಲಿನ ಬಾಟಲಿಗಳಲ್ಲಿ ಆ ತ್ರಿಕೋನ ಇವತ್ತಿಗೂ ಕಾಣುತ್ತದೆ.

ಆದರೆ ಅಭ್ಯಾಸ ಇದಕ್ಕಿಂತ ಬಹಳ ಹಳೆಯದು. ಮೆಸೊಪೊಟೇಮಿಯದಲ್ಲಿ ಐದು ಸಾವಿರ ವರ್ಷಕ್ಕೂ ಹಿಂದೆ ಮಡಕೆಯ ಬಾಯಿಗೆ ಜೇಡಿಮಣ್ಣು ಮೆತ್ತಿ ಮುದ್ರೆ ಒತ್ತುತ್ತಿದ್ದರು. ಪುರಾತತ್ವಜ್ಞ ಡೇವಿಡ್ ವೆಂಗ್ರೋ 2008ರಲ್ಲಿ ಇದನ್ನು ಬ್ರ್ಯಾಂಡಿಂಗ್ ಅಂತಲೇ ನೋಡಬೇಕು ಅಂತ ವಾದಿಸಿದರು. ಒಂದೇ ಥರದ ಸರಕು ರಾಶಿರಾಶಿಯಾಗಿ ತಯಾರಾಗಿ, ಮಾಡಿದವರನ್ನು ಎಂದೂ ನೋಡದವರ ಕೈಗೆ ಹೋಗತೊಡಗಿದಾಗ ನಂಬಿಕೆ ಹುಟ್ಟಿಸಲು ಒಂದು ಗುರುತು ಬೇಕಾಗುತ್ತದೆ. ಅಂದರೆ ಬ್ರ್ಯಾಂಡ್ ಹುಟ್ಟಲು ಬಂಡವಾಳಶಾಹಿ ಬೇಕೇಬೇಕು ಅಂತಿಲ್ಲ, ಅಪರಿಚಿತರ ನಡುವಿನ ವ್ಯವಹಾರ ಇದ್ದರೆ ಸಾಕು.

18ನೇ ಶತಮಾನದ ಇಂಗ್ಲೆಂಡಿನ ಕುಂಬಾರ ಜೋಸಯ ವೆಜ್‌ವುಡ್ ಇದನ್ನು ಇನ್ನೊಂದು ಹಂತಕ್ಕೆ ಒಯ್ದರು. 1765ರಲ್ಲಿ ರಾಣಿ ಷಾರ್ಲೆಟ್‌ಗೆ ಕೆನೆಬಣ್ಣದ ಮಣ್ಣಿನ ಪಾತ್ರೆಗಳನ್ನು ಮಾಡಿಕೊಟ್ಟ ಮೇಲೆ ಆ ಬಗೆಯ ಪಾತ್ರೆಗಳನ್ನೆಲ್ಲ ರಾಣಿಯ ಹೆಸರಲ್ಲೇ ಮಾರಿದರು. ಮಧ್ಯಮ ವರ್ಗದವರು ತಟ್ಟೆಯ ಜೊತೆಗೆ ಅರಮನೆಯ ಒಂದಿಷ್ಟು ನಂಟನ್ನೂ ಕೊಂಡರು.

ಜಾಹೀರಾತು ನಿಜಕ್ಕೂ ನಮ್ಮ ಮನಸ್ಸನ್ನು ಬದಲಿಸುತ್ತಾ?

ಈ ಪ್ರಶ್ನೆ ಬಂದಾಗ ಎಲ್ಲರೂ ಅಮೆರಿಕದ ಪ್ರಚಾರ ತಜ್ಞ ಎಡ್ವರ್ಡ್ ಬರ್ನೇಸ್ ಹೆಸರು ತೆಗೆಯುತ್ತಾರೆ. 1929ರಲ್ಲಿ ಒಂದು ತಂಬಾಕು ಕಂಪನಿಗೆ ಕೆಲಸ ಮಾಡುತ್ತಿದ್ದ ಅವರು ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರು ಬಹಿರಂಗವಾಗಿ ಸಿಗರೇಟು ಹಚ್ಚುವಂತೆ ಏರ್ಪಾಡು ಮಾಡಿದರು. ಸಿಗರೇಟನ್ನು ಸ್ವಾತಂತ್ರ್ಯದ ಪಂಜು ಅಂತ ಕರೆದರು. ಪತ್ರಿಕೆಗಳು ಅದನ್ನು ಸುದ್ದಿ ಮಾಡಿದವು. ಗಮನಿಸಬೇಕಾದ್ದು ಏನೆಂದರೆ ಸ್ವಾತಂತ್ರ್ಯದ ಆಸೆಯನ್ನು ಬರ್ನೇಸ್ ಹುಟ್ಟಿಸಲಿಲ್ಲ. ಅಮೆರಿಕದ ಹೆಂಗಸರು ಹಲವು ದಶಕ ಹೋರಾಡಿ 1920ರಲ್ಲಿ ದೇಶದಾದ್ಯಂತ ಮತದ ಹಕ್ಕು ಪಡೆದಿದ್ದರು. ಆ ಹೋರಾಟದ ಬಿಸಿ ಇನ್ನೂ ಆರಿರಲಿಲ್ಲ. ಅದನ್ನು ಅವರು ಒಂದು ಸಿಗರೇಟಿಗೆ ಅಂಟಿಸಿದರು, ಅಷ್ಟೆ. ಹೋರಾಟ ಹೆಂಗಸರದ್ದು, ಲಾಭ ಕಂಪನಿಯದ್ದು, ಕಾಯಿಲೆ ಮತ್ತೆ ಹೆಂಗಸರದ್ದು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ವಜ್ರದ ಉಂಗುರದ ಕಥೆಯೂ ಇದೇ ಥರ. ವಜ್ರ ಮಾರುವ ಡಿ ಬಿಯರ್ಸ್ ಕಂಪನಿ 1938ರಲ್ಲಿ ಎನ್. ಡಬ್ಲ್ಯೂ. ಏಯರ್ ಅನ್ನುವ ಜಾಹೀರಾತು ಏಜೆನ್ಸಿಯನ್ನು ಹಿಡಿಯಿತು. 1947ರಲ್ಲಿ ಅಲ್ಲಿನ ಫ್ರಾನ್ಸಿಸ್ ಗೆರೆಟಿ ವಜ್ರ ಎಂದೆಂದಿಗೂ ಅನ್ನುವ ಅರ್ಥದ ಆ ಪ್ರಸಿದ್ಧ ಸಾಲು ಬರೆದರು. ಮದುವೆ ಮುರಿಯಬಾರದು ಅನ್ನುವ ಹಂಬಲ ಜನರದ್ದು, ಮೊದಲೇ ಇತ್ತು. ಕಲ್ಲಿನ ಗಟ್ಟಿತನವನ್ನು ಆ ಹಂಬಲಕ್ಕೆ ಕಟ್ಟಿದರು. ಇನ್ನೊಂದು ಪರಿಣಾಮವೂ ಆಯಿತು: ಎಂದೆಂದಿಗೂ ಇರುವ ವಸ್ತುವನ್ನು ಯಾರೂ ಸುಲಭಕ್ಕೆ ಮರಳಿ ಮಾರುವುದಿಲ್ಲ.

ಹಾಗಾದರೆ ಜಾಹೀರಾತಿನವರು ಬಯಸಿದ್ದನ್ನೆಲ್ಲ ಮಾಡಬಲ್ಲರು ಅಂತಾಯಿತಲ್ಲ?

ಇಲ್ಲ. ಅದಕ್ಕೆ ಒಳ್ಳೆಯ ಸಾಕ್ಷಿ 1985. ಕೋಕ-ಕೋಲಾ ಕಂಪನಿ ಸಾವಿರಾರು ಜನರಿಗೆ ರುಚಿ ತೋರಿಸಿ, ಹೊಸ ರುಚಿಯೇ ಜಾಸ್ತಿ ಜನಕ್ಕೆ ಇಷ್ಟ ಅಂತ ಖಾತ್ರಿ ಮಾಡಿಕೊಂಡು ಏಪ್ರಿಲ್ 23ರಂದು ಹಳೆಯ ಪಾನೀಯದ ಜಾಗಕ್ಕೆ ಹೊಸದನ್ನು ತಂದಿತು. ಜನ ಸಿಟ್ಟಿಗೆದ್ದರು. ಫೋನು, ಪತ್ರ, ಪ್ರತಿಭಟನೆ. ಜುಲೈ 11ಕ್ಕೆ ಹಳೆಯದನ್ನು ಮರಳಿ ತರುತ್ತೇವೆ ಅಂತ ಕಂಪನಿ ಒಪ್ಪಿಕೊಳ್ಳಬೇಕಾಯಿತು.

ರುಚಿ ಪರೀಕ್ಷೆ ಸುಳ್ಳಾಗಿರಲಿಲ್ಲ. ಕೇಳಿದ ಪ್ರಶ್ನೆ ಸಾಲದಾಗಿತ್ತು. ನಾಲಿಗೆಗೆ ಯಾವುದು ಚೆಂದ ಅಂತ ಕೇಳಿದರೇ ಹೊರತು, ಬಾಲ್ಯ, ಊರು, ದೇಶ ಎಲ್ಲ ಸೇರಿಕೊಂಡಿರುವ ವಸ್ತುವನ್ನು ನಿಮ್ಮ ಕೈಯಿಂದ ಕಿತ್ತುಕೊಂಡರೆ ಹೇಗನಿಸುತ್ತದೆ ಅಂತ ಕೇಳಲಿಲ್ಲ. ಬಾಟಲಿ ಕಂಪನಿಯದ್ದಾಗಿದ್ದರೂ ಅದರ ಅರ್ಥದಲ್ಲಿ ಬಹುಪಾಲು ಜನರದ್ದಾಗಿತ್ತು. ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದರ ತಿರುಳು ಇದೇ: ಬ್ರ್ಯಾಂಡಿನ ಅರ್ಥ ನಮ್ಮ ಪ್ರೀತಿ, ನೆನಪು, ಹೆದರಿಕೆಗಳಿಂದ ಆಗಿದೆ. ಕಂಪನಿ ಅದನ್ನು ನಮ್ಮಿಂದ ತೆಗೆದುಕೊಂಡು, ಮೇಲೊಂದು ಗುರುತು ಒತ್ತಿ, ನಮಗೇ ಮಾರುತ್ತದೆ. ಇದರಲ್ಲಿ ಜನರ ಕೈವಾಡ ನಿಜ. ಆದರೆ ಹಣ ಸೇರುವುದು ಮಾತ್ರ ಒಂದೇ ಕಡೆ.

ಒಂದೇ ವಸ್ತುವಿಗೆ ಬೇರೆ ಬೇರೆ ಅರ್ಥ ಕೊಡಲು ಸಾಧ್ಯವಾ?

ಖಂಡಿತ. ಮಾರ್ಲ್‌ಬರೊ 1924ರಲ್ಲಿ ಹೆಂಗಸರ ಸಿಗರೇಟಾಗಿ ಬಂದಿತ್ತು. 1950ರ ದಶಕದ ಮಧ್ಯದಲ್ಲಿ ಲಿಯೋ ಬರ್ನೆಟ್ ಏಜೆನ್ಸಿ ಅದನ್ನು ಗಂಡಸರ ಸಿಗರೇಟು ಮಾಡಿತು. ಆಮೇಲೆ ಜಾಹೀರಾತಿನ ತುಂಬ ಕುದುರೆ, ಟೋಪಿ, ಬಯಲು. ತಂಬಾಕು ತಂಬಾಕೇ.

ಉಡುಗೊರೆ ಕೊಡುವಾಗ ಬೆಲೆ ಚೀಟಿಯನ್ನು ಯಾಕೆ ಕಿತ್ತುಹಾಕುತ್ತೇವೆ?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಎಲ್ಲರೂ ಮಾಡುವ ಕೆಲಸ, ಯಾಕೆ ಅಂತ ಕೇಳಿದರೆ ಥಟ್ಟನೆ ಉತ್ತರ ಬರುವುದಿಲ್ಲ.

ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ದೀರ್ಘ ಪ್ರಬಂಧದಲ್ಲಿ ಮೂರು ಹೊಣೆಗಳನ್ನು ಗುರುತಿಸಿದರು: ಕೊಡಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಮರಳಿ ಕೊಡಬೇಕು. ಉಡುಗೊರೆ ಬಿಟ್ಟಿ ಬಂದದ್ದಲ್ಲ, ಅದರಲ್ಲಿ ಕೊಟ್ಟವರ ಒಂದು ಪಾಲು ಇರುತ್ತದೆ. ಅಂಗಡಿಯ ವ್ಯವಹಾರ ಇದರ ತದ್ವಿರುದ್ಧ. ದುಡ್ಡು ಕೊಟ್ಟರೆ ಮುಗಿಯಿತು, ನೀವು ಯಾರೋ ಅವರು ಯಾರೋ. ಅಂಗಡಿಯಿಂದ ತಂದ ವಸ್ತುವನ್ನು ಉಡುಗೊರೆ ಮಾಡಬೇಕಾದರೆ ಮೊದಲು ಅಂಗಡಿಯ ವಾಸನೆ ತೆಗೆಯಬೇಕು. ಚೀಟಿ ಕೀಳುವುದು, ಬಣ್ಣದ ಕಾಗದ ಸುತ್ತುವುದು, ಹೆಸರು ಬರೆಯುವುದು ಎಲ್ಲ ಅದಕ್ಕೇ.

ಮಾನವಶಾಸ್ತ್ರಜ್ಞ ಇಗೊರ್ ಕೊಪಿಟಾಫ್ 1986ರಲ್ಲಿ ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಮನುಷ್ಯರಿಗೆ ಜೀವನಚರಿತ್ರೆ ಇರುವ ಹಾಗೆ ವಸ್ತುಗಳಿಗೂ ಇದೆ, ಮಾರಾಟದ ಸರಕಾಗಿರುವುದು ಅದರಲ್ಲಿ ಒಂದು ಘಟ್ಟ ಮಾತ್ರ ಅಂದರು. ಕಾರ್ಖಾನೆಯಿಂದ ಬಂದ ಒಂದು ಕೈಗಡಿಯಾರ ಅಪ್ಪನ ಕೈಯಲ್ಲಿ ಮೂವತ್ತು ವರ್ಷ ಇದ್ದು ಮಗಳಿಗೆ ಬಂದರೆ ಅದನ್ನು ಬೆಲೆ ಕಟ್ಟಿ ಮಾರುವುದು ಕಷ್ಟ. ಅದೇ ಗಡಿಯಾರ ಹರಾಜಿಗೆ ಬಂದ ದಿನ ಮತ್ತೆ ಸರಕು. ಮಾರ್ಕೆಟಿಂಗ್ ಓದುವವರು ಮಾರಾಟವಾದ ಕ್ಷಣದಲ್ಲಿ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಅಸಲಿ ಕಥೆ ಅಲ್ಲಿಂದಲೇ ಶುರು.

ಕೊಟ್ಟುಕೊಟ್ಟೇ ದೊಡ್ಡವರಾಗುವ ಸಮಾಜಗಳೂ ಇವೆಯಂತೆ?

ಇವೆ. ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳ ಪಾಟ್‌ಲ್ಯಾಚ್ ಸಮಾರಂಭಗಳಲ್ಲಿ ಮನೆತನದ ಹಿರಿಯರು ಕೂಡಿಟ್ಟದ್ದನ್ನು ಹಂಚುತ್ತಾರೆ. ಎಷ್ಟು ಕೊಟ್ಟರು ಅನ್ನುವುದರಲ್ಲಿ ಗೌರವ. ಕೆನಡಾ ಸರ್ಕಾರ 1884ರಲ್ಲಿ ಕಾನೂನು ತಂದು ಇದನ್ನು ನಿಷೇಧಿಸಿತು, ನಿಷೇಧ ಹೋದದ್ದು 1951ರಲ್ಲಿ. ಕೂಡಿಡುವುದೊಂದೇ ನಾಗರಿಕತೆ ಅಂತ ನಂಬಿದ್ದ ಅಧಿಕಾರಿಗಳಿಗೆ ಹಂಚುವುದು ಅಪರಾಧವಾಗಿ ಕಂಡಿತು. ಯಾವ ಖರ್ಚು ಸರಿ, ಯಾವುದು ದುಂದು ಅಂತ ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದು ಸಣ್ಣ ವಿಷಯವಲ್ಲ.

ಒಂದು ಹೊಸ ವಸ್ತು ಕೊಂಡರೆ ಸರಣಿಯಾಗಿ ಇನ್ನಷ್ಟು ಯಾಕೆ ಕೊಳ್ಳುತ್ತೇವೆ?

ಇದಕ್ಕೆ ಡಿಡೆರೊ ಪರಿಣಾಮ ಅಂತ ಹೆಸರು. 18ನೇ ಶತಮಾನದ ಫ್ರೆಂಚ್ ಚಿಂತಕ ಡೆನಿ ಡಿಡೆರೊ ಅವರಿಗೆ ಒಂದು ಸೊಗಸಾದ ಕೆಂಪು ನಿಲುವಂಗಿ ಸಿಕ್ಕಿತು. ಅದರ ಪಕ್ಕದಲ್ಲಿ ಕುರ್ಚಿ ಹಳೆಯದಾಗಿ ಕಂಡಿತು, ಬದಲಾಯಿತು. ಆಮೇಲೆ ಮೇಜು, ಗೋಡೆಯ ಚಿತ್ರಗಳು. ಕೊನೆಗೆ ಹಳೆಯ ನಿಲುವಂಗಿಯನ್ನು ನೆನೆದು ಅವರು ಒಂದು ಪ್ರಬಂಧವನ್ನೇ ಬರೆದರು. ಕೆನಡಾದ ಮಾನವಶಾಸ್ತ್ರಜ್ಞ ಗ್ರಾಂಟ್ ಮ್ಯಾಕ್ರ್ಯಾಕನ್ 1980ರ ದಶಕದಲ್ಲಿ ಇದಕ್ಕೆ ಆ ಹೆಸರಿಟ್ಟು ವಿವರಿಸಿದರು. ವಸ್ತುಗಳು ಒಂಟಿಯಾಗಿ ಅರ್ಥ ಕೊಡುವುದಿಲ್ಲ, ಗುಂಪಾಗಿ ಕೊಡುತ್ತವೆ. ಗುಂಪಿಗೆ ಹೊಂದದ ಒಂದು ವಸ್ತು ಒಳಗೆ ಬಂದರೆ ಒಂದೋ ಅದು ಹೊರಗೆ ಹೋಗಬೇಕು, ಇಲ್ಲ ಗುಂಪೇ ಬದಲಾಗಬೇಕು. ಫೋನು, ಇಯರ್‌ಫೋನು, ವಾಚು ಎಲ್ಲ ಒಂದೇ ಕಂಪನಿಯದ್ದಾಗಿದ್ದರೆ ಮಾತ್ರ ಚೆನ್ನಾಗಿ ಕೂಡಿಕೊಳ್ಳುವಂತೆ ಮಾಡುವುದು ಇದನ್ನೇ ಬಲ್ಲವರ ಲೆಕ್ಕಾಚಾರ.

ವಸ್ತು ಕಳೆದುಹೋದರೆ ಅಷ್ಟೊಂದು ಸಂಕಟ ಯಾಕೆ?

ಅದು ನಮ್ಮದೇ ಒಂದು ಭಾಗವಾಗಿರುವುದರಿಂದ. ಕೊಳ್ಳುವವರ ನಡವಳಿಕೆಯನ್ನು ಅಧ್ಯಯನ ಮಾಡುವ ರಸೆಲ್ ಬೆಲ್ಕ್ 1988ರಲ್ಲಿ ಹೇಳಿದಂತೆ ನಮ್ಮ 'ನಾನು' ಚರ್ಮದ ಹತ್ತಿರ ನಿಲ್ಲುವುದಿಲ್ಲ, ವಸ್ತುಗಳ ಒಳಕ್ಕೂ ಚಾಚಿಕೊಂಡಿರುತ್ತದೆ. ಕಳ್ಳತನವಾದ ಮನೆಯವರು ಹೋದ ವಸ್ತುವಿನ ಬೆಲೆಗಿಂತ ಜಾಸ್ತಿ ನೋಯುವುದು ಇದಕ್ಕೇ. ಆಸ್ಪತ್ರೆ, ಜೈಲು, ಸೇನೆಗಳಲ್ಲಿ ಒಳಗೆ ಬಂದ ತಕ್ಷಣ ಸ್ವಂತ ಬಟ್ಟೆ ತೆಗೆಸುವುದನ್ನೂ ಇದರ ಜೊತೆ ಇಟ್ಟು ನೋಡಿ.

ಬ್ರ್ಯಾಂಡ್ ಅಭಿಮಾನಿಗಳ ಗುಂಪು ಧರ್ಮದ ಹಾಗೇ ಅನ್ನುತ್ತಾರೆ. ನಿಜವಾ?

ಹೋಲಿಕೆ ಇದೆ, ಎಚ್ಚರದಿಂದ ಬಳಸಬೇಕು. ಮುನೀಸ್ ಮತ್ತು ಓಗ್ವಿನ್ ಅನ್ನುವ ಇಬ್ಬರು ಸಂಶೋಧಕರು 2001ರಲ್ಲಿ ಬ್ರ್ಯಾಂಡ್ ಸಮುದಾಯ ಅನ್ನುವ ವಿಚಾರವನ್ನು ಮುಂದಿಟ್ಟರು. ಸಾಬ್ ಕಾರು, ಮ್ಯಾಕಿಂಟಾಷ್ ಕಂಪ್ಯೂಟರ್ ಇಂಥವುಗಳ ಬಳಕೆದಾರರಲ್ಲಿ ಅವರು ಮೂರು ಲಕ್ಷಣ ಕಂಡರು: ನಾವೆಲ್ಲ ಒಂದೇ ಅನ್ನುವ ಭಾವ, ಹಂಚಿಕೊಂಡ ಆಚರಣೆ ಮತ್ತು ಕಥೆಗಳು, ಒಬ್ಬರಿಗೊಬ್ಬರು ನೆರವಾಗಬೇಕು ಅನ್ನುವ ಹೊಣೆ.

ಇದರಲ್ಲಿ ನನ್ನ ಮನಸ್ಸು ಮುಟ್ಟಿದ್ದು ನ್ಯೂಟನ್ ಕಥೆ. ಅದು ಆಪಲ್ ಕಂಪನಿಯ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರ. 1998ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಬಳಸುತ್ತಿದ್ದವರು ಬಿಡಲಿಲ್ಲ. ತಾವೇ ರಿಪೇರಿ ಮಾಡಿಕೊಂಡರು, ತಾವೇ ಸಾಫ್ಟ್‌ವೇರ್ ಬರೆದರು. ಸತ್ತ ಬ್ಯಾಟರಿಗೆ ಮತ್ತೆ ಜೀವ ಬಂತು ಅನ್ನುವಂಥ ಪವಾಡದ ಕಥೆಗಳನ್ನು ಹೇಳಿಕೊಂಡರು, ಕಂಪನಿ ಅದನ್ನು ಮತ್ತೆ ತರುತ್ತದೆ ಅಂತ ಕಾದರು. ಮಾಲೀಕರೇ ಬಿಟ್ಟುಹೋದ ಮೇಲೂ ಬ್ರ್ಯಾಂಡ್ ಬದುಕಿತ್ತು ಅಂದರೆ ಅದನ್ನು ಬದುಕಿಸಿದ್ದು ಯಾರು ಅನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ.

ಆದರೂ ಇದನ್ನು ಧರ್ಮ ಅಂದುಬಿಟ್ಟರೆ ಒಂದು ವ್ಯತ್ಯಾಸ ಮರೆಯಾಗುತ್ತದೆ. ಇಂಥ ಗುಂಪುಗಳನ್ನು ಕಂಪನಿಗಳೇ ಕಟ್ಟಿ ಬೆಳೆಸುವುದೂ ಇದೆ. ಹಾರ್ಲೆ-ಡೇವಿಡ್‌ಸನ್ 1983ರಲ್ಲಿ ತನ್ನ ಬೈಕ್ ಮಾಲೀಕರ ಸಂಘವನ್ನು ತಾನೇ ಶುರುಮಾಡಿತು. ಅಲ್ಲಿ ಹುಟ್ಟುವ ಗೆಳೆತನ ಸುಳ್ಳಲ್ಲ. ಆ ಗೆಳೆತನದ ಬಾಗಿಲಲ್ಲಿ ಒಂದು ಬಿಲ್ ಇದೆ ಅನ್ನುವುದೂ ಸುಳ್ಳಲ್ಲ.

ಜಾಗತಿಕ ಬ್ರ್ಯಾಂಡುಗಳಿಂದ ಎಲ್ಲ ಸಂಸ್ಕೃತಿಗಳೂ ಒಂದೇ ಆಗಿಬಿಡುತ್ತಿವೆಯಾ?

ದೂರದಿಂದ ನೋಡಿದರೆ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಚಿತ್ರ ಬದಲಾಗುತ್ತದೆ. ಮಿಲ್ಲರ್ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ಕಂಡಂತೆ ಅಲ್ಲಿನವರಿಗೆ ಕೋಕ್ ಅಮೆರಿಕದ ಚಿಹ್ನೆಗಿಂತ ಜಾಸ್ತಿಯಾಗಿ ಕಪ್ಪು ಸಿಹಿ ಪಾನೀಯ. ಅದರ ಎದುರಿಗೆ ಕೆಂಪು ಸಿಹಿ ಪಾನೀಯ. ಕಪ್ಪನ್ನು ಆಫ್ರಿಕಾ ಮೂಲದವರ ಜೊತೆ, ಕೆಂಪನ್ನು ಭಾರತ ಮೂಲದವರ ಜೊತೆ ಜನ ಗುರುತಿಸುತ್ತಿದ್ದರು, ಕುಡಿಯುವಾಗ ಮಾತ್ರ ಎಲ್ಲರೂ ಎರಡನ್ನೂ ಕುಡಿಯುತ್ತಿದ್ದರು. ಕೋಕ-ಕೋಲಾದ ಕೇಂದ್ರ ಕಚೇರಿ ಇರುವ ಅಟ್ಲಾಂಟಾದ ಯಾವ ಆಫೀಸಿನಲ್ಲೂ ಯಾರೂ ಈ ಅರ್ಥವನ್ನು ಯೋಜಿಸಿರಲಿಲ್ಲ.

ಮಾನವಶಾಸ್ತ್ರಜ್ಞ ಜೇಮ್ಸ್ ವ್ಯಾಟ್ಸನ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಪೂರ್ವ ಏಷ್ಯಾದ ಮೆಕ್‌ಡೊನಾಲ್ಡ್ಸ್ ಅಂಗಡಿಗಳನ್ನು ಅಧ್ಯಯನ ಮಾಡಿದರು. ಬೇಗ ತಿಂದು ಎದ್ದುಹೋಗಲು ಮಾಡಿದ ಜಾಗವನ್ನು ಹಾಂಗ್‌ಕಾಂಗ್‌ನ ವಿದ್ಯಾರ್ಥಿಗಳು ಸಂಜೆಯ ಓದಿನ, ಹರಟೆಯ ಜಾಗ ಮಾಡಿಕೊಂಡಿದ್ದರು. ಜಾಂಬಿಯದಲ್ಲಿ ಕರೆನ್ ಹ್ಯಾನ್ಸನ್ ನೋಡಿದ್ದು ಪಶ್ಚಿಮದಿಂದ ಗಂಟುಗಂಟಾಗಿ ಬರುವ ಬಳಸಿದ ಬಟ್ಟೆ. ಅಲ್ಲಿನವರು ಅದನ್ನು ಎಚ್ಚರದಿಂದ ಆರಿಸಿ, ಬಿಚ್ಚಿ, ತಮ್ಮ ಮೈಗೆ, ತಮ್ಮ ಅಭಿರುಚಿಗೆ ತಕ್ಕ ಹಾಗೆ ಮತ್ತೆ ಹೊಲಿಸಿಕೊಳ್ಳುತ್ತಿದ್ದರು.

ಈ ಉದಾಹರಣೆಗಳನ್ನು ಓದಿ ಎಲ್ಲ ಸರಿಯಿದೆ ಅಂತ ಸಮಾಧಾನ ಪಡುವುದು ಬೇಡ. ಅರ್ಥ ಸ್ಥಳೀಯವಾಗಿರಬಹುದು, ಲಾಭ ಸ್ಥಳೀಯವಾಗಿರಬೇಕಿಲ್ಲ. ಕಸವಂತೂ ಕೊಂಡವರ ಊರಲ್ಲೇ ಉಳಿಯುತ್ತದೆ, ಇಲ್ಲವೇ ಅವರಿಗಿಂತ ಬಡವರ ಊರಿಗೆ ಹೋಗುತ್ತದೆ.

ಮಾನವಶಾಸ್ತ್ರಜ್ಞರು ಕಂಪನಿಗಳಿಗೆ ಕೆಲಸ ಮಾಡುವುದು ಸರಿಯಾ?

ಇದು ಹೊಸ ಸಂಗತಿ ಅಲ್ಲ. ಲಾಯ್ಡ್ ವಾರ್ನರ್ 1920ರ ದಶಕದ ಕೊನೆಯಲ್ಲಿ ಉತ್ತರ ಆಸ್ಟ್ರೇಲಿಯದ ಮೂಲನಿವಾಸಿಗಳ ನಡುವೆ ಕ್ಷೇತ್ರಕಾರ್ಯ ಮಾಡಿದವರು. ಆಮೇಲೆ ಅಮೆರಿಕದ ಒಂದು ಪಟ್ಟಣವನ್ನು ಅದೇ ಕಣ್ಣಿಂದ ನೋಡಿದರು. 1946ರಲ್ಲಿ ಷಿಕಾಗೋದಲ್ಲಿ ಕಂಪನಿಗಳಿಗೆ ಸಂಶೋಧನೆ ಮಾಡಿಕೊಡುವ ಸಂಸ್ಥೆ ಕಟ್ಟಿದವರಲ್ಲಿ ಅವರೂ ಒಬ್ಬರು. 1980ರ ದಶಕದಲ್ಲಿ ಲೂಸಿ ಸಚ್‌ಮನ್ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಜನ ಜೆರಾಕ್ಸ್ ಯಂತ್ರ ಬಳಸುವುದನ್ನು ವಿಡಿಯೋ ಮಾಡಿದರು. ಕಂಪ್ಯೂಟರ್ ವಿಜ್ಞಾನಿಗಳೂ ಪ್ರತಿ ತೆಗೆಯಲು ಆಗದೆ ಒದ್ದಾಡುವುದು ಅದರಲ್ಲಿ ಕಂಡಿತು. ತಪ್ಪು ಬಳಸುವವರಲ್ಲಿಲ್ಲ, ಯಂತ್ರ ಮಾಡಿದ ರೀತಿಯಲ್ಲಿದೆ ಅಂತ ಸಾಬೀತಾದದ್ದು ಎಲ್ಲರಿಗೂ ಒಳ್ಳೆಯದೇ ಆಯಿತು. ಜೆನೆವೀವ್ ಬೆಲ್ 1998ರಲ್ಲಿ ಇಂಟೆಲ್ ಸೇರಿ ಬೇರೆ ಬೇರೆ ದೇಶದ ಮನೆಗಳಲ್ಲಿ ತಂತ್ರಜ್ಞಾನ ಹೇಗೆ ಬಾಳುತ್ತದೆ ಅಂತ ನೋಡಿದರು.

ನನ್ನ ನಿಲುವು ಹೀಗಿದೆ. ಯಂತ್ರವನ್ನು ಜನರಿಗೆ ಹೊಂದಿಸಲು ಈ ಜ್ಞಾನ ಬಳಸಿದರೆ ಒಳ್ಳೆಯದು. ಜನರ ಒಂಟಿತನವನ್ನೋ ತಾಯಂದಿರ ಆತಂಕವನ್ನೋ ಅಳೆದು ನೋಡಿ ಅಲ್ಲಿಗೇ ಗುರಿಯಿಟ್ಟು ಮಾರಲು ಬಳಸಿದರೆ ಅದು ನಂಬಿಕೆ ದ್ರೋಹ. ಮನೆಯೊಳಗೆ ಬಿಟ್ಟುಕೊಂಡವರು ನಂಬಿ ಮಾತಾಡಿರುತ್ತಾರೆ. ಯಾರಿಗಾಗಿ ಕೆಲಸ ಮಾಡುತ್ತಿದ್ದೇನೆ, ಮಾತನ್ನು ಎಲ್ಲಿ ಬಳಸುತ್ತಾರೆ ಅಂತ ಮೊದಲೇ ಅವರಿಗೆ ಹೇಳದಿದ್ದರೆ ಆ ಕೆಲಸ ಮಾಡಲೇಬಾರದು.

ಸೋಷಿಯಲ್ ಮೀಡಿಯಾ ಬಂದ ಮೇಲೆ ಏನು ಬದಲಾಯಿತು?

ಮೂಲದಲ್ಲಿ ಸ್ವಲ್ಪವೇ, ವೇಗದಲ್ಲಿ ತುಂಬ. ಗೆಳತಿ ಹೇಳಿದ ಮಾತಿಗೆ ಜಾಹೀರಾತಿಗಿಂತ ಬೆಲೆ ಜಾಸ್ತಿ ಅನ್ನುವುದು ಮೊದಲೂ ಗೊತ್ತಿತ್ತು. 1950ರ ದಶಕದಲ್ಲಿ ಟಪ್ಪರ್‌ವೇರ್ ಡಬ್ಬಿಗಳು ಮನೆಮನೆಯ ಪಾರ್ಟಿಗಳಲ್ಲಿ ಮಾರಾಟವಾದದ್ದು ಅದೇ ಬಲದ ಮೇಲೆ, ಬ್ರೌನಿ ವೈಸ್ ಅನ್ನುವ ಮಹಿಳೆ ಅದನ್ನು ಅಮೆರಿಕದ ತುಂಬ ಕಟ್ಟಿದರು. ಇವತ್ತಿನ ಇನ್‌ಫ್ಲುಯೆನ್ಸರ್ ಮಾಡುವುದೂ ಅದನ್ನೇ, ಎದುರಿಗೆ ಲಕ್ಷ ಜನ. ಆದರೆ ಪಾರ್ಟಿಯ ಗೆಳತಿಯನ್ನು ನಾಳೆ ಬೀದಿಯಲ್ಲಿ ಕಂಡು ಕೇಳಬಹುದಿತ್ತು, ಇವರನ್ನು ಕೇಳಲು ಆಗುವುದಿಲ್ಲ. ಇನ್ನೊಂದು ಬದಲಾವಣೆ ಇದಕ್ಕಿಂತ ಗಂಭೀರ. ನೀವು ಯಾವುದರ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟಿರಿ ಅನ್ನುವುದೂ ಈಗ ದಾಖಲಾಗುತ್ತದೆ. ಜನರ ಜೊತೆ ವರ್ಷಗಟ್ಟಲೆ ಬಾಳಿ ತಿಳಿಯಬೇಕಿದ್ದನ್ನು ಯಂತ್ರ ಕೇಳದೆಯೇ ಕೂಡಿಹಾಕುತ್ತದೆ. ಏನು ಮಾಡಿದಿರಿ ಅಂತ ಅದಕ್ಕೆ ಗೊತ್ತು, ಯಾಕೆ ಅಂತ ಗೊತ್ತಿರುವುದಿಲ್ಲ.

ಏನೂ ಕೊಳ್ಳದೆ ಇದ್ದರೆ ಈ ಜಾಲದಿಂದ ಹೊರಬಂದ ಹಾಗಲ್ವಾ?

ಕೊಳ್ಳದಿರುವುದೂ ಒಂದು ಗುರುತೇ. ಕೆನಡಾದಲ್ಲಿ 1992ರಲ್ಲಿ ಏನೂ ಕೊಳ್ಳದ ದಿನ ಅಂತ ಒಂದು ಆಚರಣೆ ಶುರುವಾಯಿತು, ಅದಕ್ಕೆ ತನ್ನದೇ ಪೋಸ್ಟರು, ತನ್ನದೇ ಅಭಿಮಾನಿಗಳು. 2011ರಲ್ಲಿ ಬಟ್ಟೆ ಮಾರುವ ಪ್ಯಾಟಗೋನಿಯಾ ಕಂಪನಿ ಅಮೆರಿಕದ ಅತಿ ದೊಡ್ಡ ಶಾಪಿಂಗ್ ದಿನದಂದು ಈ ಜಾಕೆಟ್ ಕೊಳ್ಳಬೇಡಿ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಕಡಿಮೆ ಕೊಳ್ಳುವುದು ಒಳ್ಳೆಯದು, ಭೂಮಿಗೆ ಬೇಕಾದದ್ದೂ ಹೌದು. ಅದನ್ನು ಬೇರೆಯವರಿಗಿಂತ ಮೇಲು ಅಂತ ತೋರಿಸಲು ಬಳಸಿದರೆ ವೆಬ್ಲೆನ್ ಹೇಳಿದ ಜಾಗಕ್ಕೇ ಬಂದು ನಿಲ್ಲುತ್ತೇವೆ.

ಕೊನೆಗೆ ತಪ್ಪು ಕೊಳ್ಳುವವರದ್ದೇ ಅಲ್ವಾ?

ಅಲ್ಲ. 1924ರಲ್ಲಿ ಜಿನೀವಾದಲ್ಲಿ ದೊಡ್ಡ ಬಲ್ಬ್ ಕಂಪನಿಗಳು ಸೇರಿ ಫೀಬಸ್ ಅನ್ನುವ ಕೂಟ ಕಟ್ಟಿಕೊಂಡವು. ಬಲ್ಬಿನ ಆಯಸ್ಸು 1,000 ಗಂಟೆಗೆ ಇಳಿಯಬೇಕು ಅಂತ ಒಪ್ಪಂದ ಮಾಡಿಕೊಂಡವು. ಅದಕ್ಕಿಂತ ಜಾಸ್ತಿ ಉರಿಯುವ ಬಲ್ಬ್ ಮಾಡಿದ ಕಂಪನಿಗೆ ದಂಡ. ಆ ಬಲ್ಬನ್ನು ಮತ್ತೆ ಮತ್ತೆ ಕೊಂಡವರು ಕೊಳ್ಳುಬಾಕರೇನು? ಕತ್ತಲಲ್ಲಿ ಕೂರಲು ಆಗದವರು, ಅಷ್ಟೆ. ಬ್ಯಾಟರಿ ಬದಲಿಸಲು ಬಾರದಂತೆ ಅಂಟಿಸಿದ ಫೋನಿನ ವಿಷಯದಲ್ಲೂ ನಾನು ಇದನ್ನೇ ಹೇಳುತ್ತೇನೆ.

ಇನ್ನೊಂದು ಮಾತು. ಕಾರ್ಲ್ ಮಾರ್ಕ್ಸ್ 1867ರಲ್ಲಿ ತೋರಿಸಿದಂತೆ ಸರಕು ಅಂಗಡಿಗೆ ಬರುವ ಹೊತ್ತಿಗೆ ಅದನ್ನು ಮಾಡಿದ ಕೈಗಳು ಕಣ್ಣಿಂದ ಮರೆಯಾಗಿರುತ್ತವೆ. ಬೆಲೆ ಆ ವಸ್ತುವಿನದೇ ಗುಣ ಅನ್ನುವ ಹಾಗೆ ಕಾಣುತ್ತದೆ. ಬ್ರ್ಯಾಂಡ್ ಈ ಖಾಲಿ ಜಾಗದಲ್ಲಿ ಇನ್ನೊಂದು ಮುಖವನ್ನು ಕೂರಿಸುತ್ತದೆ: ಆಟಗಾರನದ್ದು, ನಟಿಯದ್ದು, ನಗುವ ಒಂದು ಗೊಂಬೆಯದ್ದು. ಹೊಲಿದವಳ ಮುಖ ಬರುವುದು ತೀರಾ ಅಪರೂಪ.

ನಾನೇ ಇದನ್ನು ಗಮನಿಸಿ ನೋಡಬೇಕು ಅಂದರೆ ಎಲ್ಲಿಂದ ಶುರುಮಾಡಲಿ?

ನಿಮ್ಮ ಮನೆಯಿಂದಲೇ. ಒಂದು ಕೋಣೆ ಆರಿಸಿಕೊಳ್ಳಿ, ಅಲ್ಲಿನ ಒಂದೊಂದು ವಸ್ತು ಯಾರಿಂದ ಬಂತು, ಯಾರಿಗಾಗಿ ಇದೆ ಅಂತ ಬರೆಯಿರಿ. ಬೆಲೆ ಬರೆಯುವುದು ಬೇಡ. ಬಳಸದೇ ಇದ್ದರೂ ಎಸೆಯಲಾಗದ ವಸ್ತುಗಳ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ. ಆಮೇಲೆ ಮನೆಯವರನ್ನು ಕೇಳಿ, ಒಂದೇ ವಸ್ತುವಿಗೆ ಅವರ ಕಥೆ ಬೇರೆಯೇ ಇರುತ್ತದೆ. ಯಾಕೆ ಕೊಂಡಿರಿ ಅಂತ ನೇರವಾಗಿ ಕೇಳಿದರೆ ಜನ ಸಮರ್ಥನೆಗೆ ಇಳಿಯುತ್ತಾರೆ. ಅದರ ಬದಲು ಕೊಂಡ ದಿನ ಏನೇನಾಯಿತು ಅಂತ ಕೇಳಿ, ಯಾರ ಜೊತೆ ಹೋಗಿದ್ದಿರಿ, ಮನೆಗೆ ತಂದಾಗ ಯಾರು ಏನಂದರು ಅಂತ ಕೇಳಿ. ಮಾತಾಡಿಸಿದವರ ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಎಲ್ಲೂ ಬರೆಯಬೇಡಿ, ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ. ಇಲ್ಲ, ಅದು ಹಾಗಲ್ಲ ಅಂತ ಅವರು ತಿದ್ದುವ ಜಾಗದಲ್ಲೇ ನಿಮಗೆ ಅತಿ ಬೇಕಾದ ವಿಷಯ ಸಿಗುತ್ತದೆ.